ಮೋಟಾರ್ ತಾತನ ಹೆಸರಿಗೆ ಬಂದ ಅಂಚೆ

ಜೆ.ಪಿ. ನಗರದ ಆ ಇಪ್ಪತ್ನಾಲ್ಕು ಮನೆಗಳ ಅಪಾರ್ಟ್‌ಮೆಂಟಿಗೆ ನೀರು ಬಿಡುವವಳು ಲಕ್ಷ್ಮಿದೇವಮ್ಮ. ಅದು ಕಿವಿಯಿಂದ ಮಾಡುವ ಕೆಲಸ. ಬೋರಿನಲ್ಲಿ ನೀರು ಚೆನ್ನಾಗಿದ್ದಾಗ ಪೈಪು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಗುಂಯ್ ಅನ್ನುತ್ತದೆ. ನೀರು ಕೆಳಗಿಳಿಯಿತೋ, ನಡುನಡುವೆ ಗಾಳಿ ಸಿಕ್ಕಿ ಕೆಮ್ಮುತ್ತದೆ. ಮೂರನೇ ಕೆಮ್ಮಿಗೆ ಸ್ವಿಚ್ಚು ಆರಿಸಿರಬೇಕು. ಇಲ್ಲದಿದ್ದರೆ ಒಣ ಬೋರಿನಲ್ಲಿ ಓಡಿ ಓಡಿ ಮೋಟಾರು ಸುಟ್ಟುಹೋಗುತ್ತದೆ.

ಈ ಕೆಮ್ಮನ್ನು ಅವಳಿಗೆ ಗುರುತು ಮಾಡಿಕೊಟ್ಟವರು ಅವಳ ಯಜಮಾನರು. ಅಪಾರ್ಟ್‌ಮೆಂಟ್ ಎದ್ದ ಜಾಗದಲ್ಲಿ ಹಿಂದೆ ದಂಟಿನ ಸೊಪ್ಪು, ಮೂಲಂಗಿ ಬೆಳೆಯುತ್ತಿದ್ದಾಗಲೂ ಅಲ್ಲಿನ ಬಾವಿಯಿಂದ ನೀರು ಎತ್ತುತ್ತಿದ್ದವರು ಅವರೇ. ಮನೆಗಳೆದ್ದ ಮೇಲೆ ಬಾವಿ ಮುಚ್ಚಿತು, ಬೋರು ಬಂತು, ನೀರಿನ ಕೆಲಸ ಮಾತ್ರ ಅವರ ಕೈಯಲ್ಲೇ ಉಳಿಯಿತು. ಹದಿನೆಂಟು ವರ್ಷ. ಮಕ್ಕಳೆಲ್ಲ ಅವರನ್ನು ಮೋಟಾರ್ ತಾತ ಎಂದರು. ಮಕ್ಕಳ ಬಾಯಿಂದ ದೊಡ್ಡವರ ಬಾಯಿಗೂ ಅದೇ ಬಂತು. ಹೋದ ವರ್ಷ ಅವರು ತೀರಿಕೊಂಡಾಗ ಅಪಾರ್ಟ್‌ಮೆಂಟಿನವರು ದೊಡ್ಡ ಹಾರ ತಂದರು. ಹಾರಕ್ಕೆ ಕಟ್ಟಿದ ರಟ್ಟಿನ ಮೇಲೂ ‘ನಮ್ಮ ಪ್ರೀತಿಯ ಮೋಟಾರ್ ತಾತನಿಗೆ’ ಎಂದೇ ಬರೆದಿತ್ತು.

ಲಕ್ಷ್ಮಿದೇವಮ್ಮನಂತೂ ಅವರ ಹೆಸರನ್ನು ಹೇಳಿದ್ದು ಜನ್ಮದಲ್ಲಿ ಒಂದೇ ಸಲ. ಮದುವೆಯಾಗಿ ಗಂಡನ ಮನೆಯ ಹೊಸಿಲು ದಾಟುವಾಗ ನಾದಿನಿಯರು ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಬಿಡುವುದು ಎಂದಾಗ. ಮೈಮೇಲೆ ಈರುಳ್ಳಿ ಬಣ್ಣದ ಸೀರೆ, ಎಡಗಾಲಿನ ಕಾಲುಂಗುರ ಬಿಗಿಯಾಗಿ ಬೆರಳು ಕೆಂಪಾಗಿತ್ತು, ಸೇರಕ್ಕಿಯ ಪಕ್ಕದಲ್ಲಿ ಒಂದು ಕೆಂಪಿರುವೆ ಹೋಗುತ್ತಿತ್ತು. ಅದೆಲ್ಲ ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪದ ಕಟ್ಟಿ, ಕೊನೆಯಲ್ಲಿ ಹೆಸರು ಸೇರಿಸಿ ಒಂದೇ ಉಸಿರಿಗೆ ಹೇಳಿ ಒಳಗೆ ಓಡಿದ್ದಳು. ಆಮೇಲೆ ಐವತ್ತು ವರ್ಷ ‘ಅವರು’, ‘ನಮ್ಮೋರು’, ‘ವನಿತಾನ ಅಪ್ಪ’. ಗಂಡನ ಹೆಸರನ್ನು ನಾಲಿಗೆಗೆ ತರಬಾರದು ಎಂದು ಬೇಗೂರಿನ ತವರಿನಲ್ಲಿ ಕಲಿತಿದ್ದಳು, ಅದನ್ನು ಬಿಡಲಿಲ್ಲ. ಅವರು ಹೋದ ಮೇಲೂ ಬಿಡಲಿಲ್ಲ.

ಪಂಪ್ ರೂಮಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಮೂರನೇ ಮಹಡಿಯಲ್ಲಿದ್ದ ಶಶಿಧರ್ ಎಂಬ ಎಂಜಿನಿಯರು, ಮನೆಯ ಹಳೆಯದನ್ನು ಎಸೆಯಲು ಮನಸ್ಸಾಗದೆ ತಂದು, ಮೋಟಾರಿನ ಪೆಟ್ಟಿಗೆಯಿಂದ ತಂತಿ ಎಳೆದು ಅದಕ್ಕೆ ಜೋಡಿಸಿದ್ದರು. ಮೋಟಾರು ಹೊತ್ತಿದರೆ, ಆರಿದರೆ, ಅದು ತನ್ನಷ್ಟಕ್ಕೆ ತಾನೇ ಒಂದು ಕಾಗದ ಬರೆದು ಒಳಗಿನ ಒಂದು ಪೆಟ್ಟಿಗೆಗೆ ಹಾಕುತ್ತದೆ ಎಂದು ಹೇಳಿದ್ದರು. ಜೋಡಿಸಿದ ದಿನ ಯಜಮಾನರನ್ನು ಕೂರಿಸಿ ಒಂದು ಬೆರಳಿನಲ್ಲಿ ಏನೋ ಒತ್ತಿಸಿದ್ದರು. ಲಕ್ಷ್ಮಿದೇವಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಶಶಿಧರ್ ಮನೆ ಮಾರಿ ಎಲ್ಲಿಗೋ ಹೋದರು. ಅವರ ಹಳೆಯ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ. ಕಂಪ್ಯೂಟರ್ ಮಾತ್ರ ಮೂಲೆಯಲ್ಲಿ ಧೂಳು ಹೊದ್ದು ಕಿರ್ ಎನ್ನುತ್ತ ಕುಳಿತಿತ್ತು. ಅದು ಬರೆದದ್ದನ್ನು ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಈ ಬೇಸಿಗೆಯ ಒಂದು ಶನಿವಾರ ಮೋಟಾರು ಸುಟ್ಟಿತು.

ಅವತ್ತು ಲಕ್ಷ್ಮಿದೇವಮ್ಮ ಬೆಳಿಗ್ಗೆ ಬೇಗ ಬಂದು ಟ್ಯಾಂಕು ತುಂಬಿಸಿ, ಮೋಟಾರು ಆರಿಸಿ, ಯಜಮಾನರು ಮಾಡಿಟ್ಟ ಕ್ರಮದಂತೆ ಬೀಗದ ಕೈಯನ್ನು ಸೆಕ್ರೆಟರಿ ನಂದಕುಮಾರ್ ಅವರ ಮನೆಯಲ್ಲಿ ಕೊಟ್ಟು, ಹನುಮಂತನಗರದ ಮಗಳ ಮನೆಗೆ ಬಸ್ಸು ಹತ್ತಿದ್ದಳು. ವನಿತಾಳ ಜೊತೆ ಗುಡ್ಡದ ದೇವಸ್ಥಾನಕ್ಕೆ ಹೋಗಿ, ಊಟ ಮಾಡಿ, ಸಂಜೆ ವಾಪಸು ಬಂದರೆ ಪಂಪ್ ರೂಮಿನ ತುಂಬ ಸುಟ್ಟ ವಾಸನೆ.

ಮಂಗಳವಾರ ನಂದಕುಮಾರ್ ಅವಳನ್ನು ಕರೆದು ಕುರ್ಚಿ ಹಾಕಿ ಕೂರಿಸಿದರು. ಆ ಮನುಷ್ಯ ಬೈಯುವವರಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಬೇಜಾರು ಮಾಡ್ಕೋಬೇಡಿ ಅಮ್ಮ. ಬೆಳಿಗ್ಗೆ ಆನ್ ಮಾಡಿ, ಆಫ್ ಮಾಡೋದು ಮರೆತು ಬಸ್ ಹತ್ತಿದ್ದೀರಿ. ವಯಸ್ಸಾಯ್ತಲ್ವಾ, ಆಗುತ್ತೆ.”

“ಆರಿಸಿದೀನಿ ಸಾರ್. ಆರಿಸಿ, ಪೈಪಿನ ಮೇಲೆ ಕೈಯಿಟ್ಟು ನೋಡಿನೇ ಹೋಗಿದ್ದು.”

“ನೀವು ಸುಳ್ಳು ಹೇಳ್ತೀರಿ ಅಂತಲ್ಲ ಅಮ್ಮ. ಹಾಗಂತ ನಿಮಗೆ ಅನ್ನಿಸ್ತಿದೆ, ಅಷ್ಟೇ.”

ಭಾನುವಾರ ಕಮಿಟಿ ಸೇರುತ್ತದೆ, ನೀರಿನ ಕೆಲಸವನ್ನು ಯಾವುದಾದರೂ ಏಜೆನ್ಸಿಗೆ ವಹಿಸುವ ಮಾತಿದೆ, ನೀವು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

ಕೆಲಸ ಹೋಗುತ್ತದೆ ಎನ್ನುವುದು ಒಂದು ಸಂಕಟವಾದರೆ, ‘ನಿಮಗೆ ಅನ್ನಿಸ್ತಿದೆ’ ಎಂಬ ಮಾತು ಅದಕ್ಕಿಂತ ಆಳಕ್ಕೆ ಇಳಿಯಿತು. ಅವಳ ಅತ್ತೆಗೆ ಕೊನೆಕೊನೆಗೆ ಮರೆವು ಬಂದಿತ್ತು. ಒಲೆಯ ಮೇಲೆ ಹಾಲಿಟ್ಟು ಹೋಗಿ, ಇಟ್ಟೇ ಇಲ್ಲ ಎಂದು ಆಣೆ ಮಾಡುತ್ತಿದ್ದರು. ಅವರು ಹೇಳುತ್ತಿದ್ದುದೂ ಸುಳ್ಳಲ್ಲ, ಅವರಿಗೆ ಹಾಗೆ ಅನ್ನಿಸುತ್ತಿತ್ತು. ಲಕ್ಷ್ಮಿದೇವಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಶನಿವಾರದ ಬೆಳಿಗ್ಗೆಯನ್ನು ಕಣ್ಣ ಮುಂದೆ ತಂದುಕೊಂಡಳು. ಸ್ವಿಚ್ಚು ಕೆಳಗೆ ಒತ್ತಿದ್ದು ಕಂಡಿತು. ಅದು ಶನಿವಾರದ್ದೋ, ಶುಕ್ರವಾರದ್ದೋ? ಕೆಂಪಿರುವೆಯೂ ನೆನಪಿರುವವಳಿಗೆ ಮೂರು ದಿನದ ಹಿಂದಿನ ಸ್ವಿಚ್ಚು ಗಟ್ಟಿಯಾಗಿ ಹಿಡಿಗೆ ಸಿಗಲಿಲ್ಲ. ಹಾಲಿಗೆ ಹೆಪ್ಪು ಹಾಕಿ ಮುಚ್ಚಳ ತೆಗೆದು ಎರಡು ಸಲ ನೋಡಿದಳು, ಹಾಕಿದೆನೋ ಇಲ್ಲವೋ ಎಂದು.

ಅವಳ ಮನೆಯ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಶರಣಮ್ಮ ಎಂಬವಳು ಬಾಡಿಗೆಗಿದ್ದಳು. ಕೊಪ್ಪಳದ ಕಡೆಯವಳು, ನಲವತ್ತರ ಹತ್ತಿರ ವಯಸ್ಸು, ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಎಂಟು ತಿಂಗಳ ಹಿಂದೆ ಬಂದವಳಾದ್ದರಿಂದ ಯಜಮಾನರನ್ನು ನೋಡಿರಲಿಲ್ಲ. ಹೆಪ್ಪಿನ ಪಾತ್ರೆಯನ್ನು ಮೂರನೇ ಸಲ ತೆರೆಯುವುದನ್ನು ಮೆಟ್ಟಿಲ ಮೇಲಿನಿಂದ ಕಂಡು, ಏನಾಯಿತೆಂದು ಕೆಳಗಿಳಿದು ಬಂದು ಕೇಳಿದಳು. ಎಲ್ಲ ಕೇಳಿಕೊಂಡು, ಮೋಟಾರಿನ ಕಾಗದ ಬರೆಯುವ ಕಂಪ್ಯೂಟರಿನ ಮಾತು ಬಂದಾಗ ಮಾತ್ರ ತಡೆದಳು.

“ಹಂಗಾದ್ರ ಅಮ್ಮಾರ, ನೀವು ಆರಿಸೀರೋ ಇಲ್ಲೋ ಅಂತ ಅದರಾಗ ಬರದಿರ್ತದ. ಶುಕ್ರವಾರ ನನಗ ರಜಾ ಐತಿ. ನೋಡೂಣು ಬರ್ರಿ.”

ಲಕ್ಷ್ಮಿದೇವಮ್ಮನಿಗೆ ಜೀವ ಬಂದಂತೆಯೂ ಆಯಿತು, ಹೋದಂತೆಯೂ ಆಯಿತು. ಆರಿಸಿಲ್ಲ ಅಂತ ಅದರಲ್ಲಿ ಬರೆದಿದ್ದರೆ?

ಶುಕ್ರವಾರ ಬೆಳಿಗ್ಗೆ ಮೂವರೂ ಪಂಪ್ ರೂಮಿನಲ್ಲಿ ಸೇರಿದರು. ನಂದಕುಮಾರ್ ಬಂದವರೇ ಮೊದಲೇ ಎಚ್ಚರಿಸಿದರು. ಬುಧವಾರ ತಾವೂ ಒಂದು ಕೈ ನೋಡಿದ್ದರಂತೆ. ಒಳಗೇನೋ ಹೋದರಂತೆ, ಹೊರಗೆ ಬರುವ ದಾರಿ ಸಿಗದೆ ಅರ್ಧ ಗಂಟೆ ಎಲ್ಲ ಗುಂಡಿ ಒತ್ತಿ, ಕೊನೆಗೆ ಪ್ಲಗ್ಗು ಕಿತ್ತು ಮನೆಗೆ ಹೋದರಂತೆ. ಶರಣಮ್ಮ ನಗು ತಡೆದುಕೊಂಡು, ಎಲ್ಲರೂ ಮೊದಲ ದಿನ ಹಾಗೇ ಮಾಡುವುದು ಸಾರ್ ಎಂದು ಸಮಾಧಾನ ಹೇಳಿದಳು.

ಅವಳಿಗೂ ಅದು ಸುಲಭದ ತುತ್ತಾಗಿರಲಿಲ್ಲ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಚಿತ್ರ, ಬಣ್ಣ, ಒತ್ತಿದರೆ ತೆರೆಯುವ ಕಿಟಕಿ. ಇಲ್ಲಿ ಕರಿಯ ಪರದೆ, ಬಿಳಿಯ ಅಕ್ಷರ, ಅಷ್ಟೇ. ಕಾಗದ ಓದುವ ಸಲಕರಣೆಯೂ ಬರೀ ಅಕ್ಷರದ್ದೇ. ನಂದಕುಮಾರರ ಹೆಸರಿನಲ್ಲಿ ಒಳಗೆ ಹೋಗಿ ಅದನ್ನು ತೆರೆದರೆ, ಹೊರಗಡೆಗೆ ಸಂಪರ್ಕ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಯಿತು. ಮತ್ತೆ ತೆರೆದರೂ ಅದೇ ಮಾತು. ಶರಣಮ್ಮ ಫೋನಿನಲ್ಲಿ ಹುಡುಕಿ ಓದಿದಳು, ಸ್ನೇಹಿತೆಯೊಬ್ಬಳಿಗೆ ಫೋನ್ ಮಾಡಿ ಕೇಳಿದಳು, ಚೀಟಿಯ ಮೇಲೆ ಬರೆದುಕೊಂಡಳು. ಹತ್ತು ಗಂಟೆಯ ಹೊತ್ತಿಗೆ ಗಂಟಿನ ತುದಿ ಸಿಕ್ಕಿತು.

“ಇದನ್ನ ಯಾರೋ ಹೊರಗಿನ ಅಂಚೆಗೆ ಹೊಂದಿಸ್ಯಾರ್ರಿ. ನಮಗ ಬೇಕಾಗಿರೋದು ಮನ್ಯಾಗಿನ ಅಂಚೆ.”

ಅದೇನೆಂದು ಲಕ್ಷ್ಮಿದೇವಮ್ಮ ಕೇಳಿದಳು. ಹೊಸಿಲು ದಾಟದ ಕಾಗದ ಅದು, ಎಂದು ಶರಣಮ್ಮ ತಿಳಿಸಿ ಹೇಳಿದಳು. ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಏನಾದರೂ ಹೇಳಬೇಕಾದರೆ ಪೋಸ್ಟ್ ಆಫೀಸಿಗೆ ಹೋಗುತ್ತಾರೆಯೇ? ಗೋಡೆಯ ಗೂಡಿನಲ್ಲಿ ಇಟ್ಟು ಹೋಗುತ್ತಾರೆ. ಈ ಯಂತ್ರದೊಳಗೂ ಒಬ್ಬೊಬ್ಬರ ಹೆಸರಿಗೆ ಒಂದೊಂದು ಗೂಡು. ಓದುವ ಸಲಕರಣೆ ಗೂಡು ನೋಡುವುದು ಬಿಟ್ಟು ಬೀದಿಗೆ ಹೋಗಿ ನಿಂತಿದೆ, ಅದನ್ನು ಒಳಗೆ ತಿರುಗಿಸಬೇಕು. ಲಕ್ಷ್ಮಿದೇವಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಅವಳ ತವರಿನಲ್ಲಿ ದೀಪದ ಗೂಡಿನ ಪಕ್ಕದ ಗೂಡು ಅದಕ್ಕೇ ಇತ್ತು.

ತಿರುಗಿಸುವುದಕ್ಕೆ ಇನ್ನೊಂದು ಗಂಟೆ ಹಿಡಿಯಿತು. ನಾಲ್ಕೇ ಸಾಲು ಸೂಚನೆ ಬರೆಯಬೇಕಿದ್ದದ್ದು. ಒಂದು ಸಲ ಅಂಥ ಜಾಗವೇ ಇಲ್ಲ ಎಂದಿತು. ಇನ್ನೊಂದು ಸಲ ನಾಲ್ಕನೇ ಸಾಲು ಅರ್ಥವಾಗಲಿಲ್ಲ ಎಂದಿತು. ಕೊನೆಗೆ ಪರದೆಯ ಮೇಲೆ ಗೆರೆ ಎಳೆದು, ತಕರಾರಿಲ್ಲದೆ ತೆರೆದುಕೊಂಡಿತು. ಮೂವರೂ ಬಗ್ಗಿ ನೋಡಿದರು.

ಖಾಲಿ. ಒಂದು ಕಾಗದವೂ ಇಲ್ಲ.

ನಂದಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡು, ಹೋಗಲಿ ಬಿಡಿ ಅಮ್ಮ ಎಂದರು. ಲಕ್ಷ್ಮಿದೇವಮ್ಮ ಸಂಪಿನ ಕಟ್ಟೆಯ ಮೇಲೆ ಕುಳಿತಳು. ಶರಣಮ್ಮ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಇದು ನಿಮ್ಮ ಗೂಡು ಸಾರ್. ಮೋಟಾರು ನಿಮಗ ಯಾಕ ಬರೀತದ? ಅದನ್ನ ನಡಸ್ತಿದ್ದೋರಿಗೆ ಬರದಿರ್ತದ. ಮೋಟಾರ್ ತಾತನ ಗೂಡು ತಗೀಬೇಕು.”

ಒಬ್ಬರ ಗೂಡು ಇನ್ನೊಬ್ಬರಿಗೆ ತೆರೆಯದ ಹಾಗೆ, ಯಾವ ಯಾವ ಹೆಸರಿನ ಗೂಡಿದೆ ಎಂದೂ ಕಾಣದ ಹಾಗೆ, ಶಶಿಧರ್ ಭದ್ರ ಮಾಡಿ ಹೋಗಿದ್ದರು. ಗುಪ್ತಪದವನ್ನು ಎಲ್ಲರಿಗೂ ಒಂದೇ ಕೊಟ್ಟಿದ್ದರಂತೆ, ಅದು ನಂದಕುಮಾರರಿಗೆ ಗೊತ್ತಿತ್ತು. ಬೇಕಾದದ್ದು ಹೆಸರು. ಶರಣಮ್ಮ ‘ಮೋಟಾರ್’ ಎಂದು ಒತ್ತಿದಳು. ಇಲ್ಲ. ‘ತಾತ’ ಎಂದು ಒತ್ತಿದಳು. ಇಲ್ಲ. ಎರಡನ್ನೂ ಕೂಡಿಸಿ ಒತ್ತಿದಳು. ನಂದಕುಮಾರ್ ‘ಪಂಪ್’ ಅಂತ ನೋಡಿ ಮೇಡಂ ಎಂದರು, ‘ವಾಟರ್’ ಅಂತ ನೋಡಿ ಎಂದರು. ಯಂತ್ರ ಒಂದೊಂದಕ್ಕೂ ಇಲ್ಲವೆಂದು ತಲೆಯಾಡಿಸಿ ಮತ್ತೆ ಹೆಸರು ಕೇಳುತ್ತಿತ್ತು.

ಲಕ್ಷ್ಮಿದೇವಮ್ಮ ಕಟ್ಟೆಯ ಮೇಲೆ ಕುಳಿತು ನೋಡುತ್ತಲೇ ಇದ್ದಳು. ಇದೇನು ಇವರು, ಊರೆಲ್ಲ ಸುತ್ತುತ್ತಾರೆ, ಇರುವ ಹೆಸರೊಂದನ್ನು ಬಿಟ್ಟು? ಎಲ್ಲರೂ ತನ್ನ ಹಾಗೇ, ತೀರಿಹೋದ ಹಿರಿಯರ ಹೆಸರನ್ನು ಬಾಯಿಗೆ ತರಬಾರದೆಂದು ಮರ್ಯಾದೆಗೆ ತಡೆದುಕೊಂಡಿದ್ದಾರೆ ಎಂದುಕೊಂಡಳು. ಹದಿನೆಂಟು ವರ್ಷ ತಾತ ತಾತ ಎಂದು ಕರೆದದ್ದೂ ಆ ಮರ್ಯಾದೆಯೇ ಎಂದು ಅವಳ ಎಣಿಕೆ. ಅವಳಿಗೆ ಅದರ ಮೇಲೆ ಒಳಗೊಳಗೇ ಹೆಮ್ಮೆಯೂ ಇತ್ತು.

“ಅಲ್ಲ ಸಾರ್, ಅವರ ಖರೇ ಹೆಸರೇನ್ರಿ?” ಎಂದು ಶರಣಮ್ಮ ನಂದಕುಮಾರರನ್ನು ಕೇಳಿದಳು.

ನಂದಕುಮಾರ್ ಬಾಯಿ ತೆರೆದರು. ಆಮೇಲೆ ಮುಖ ಕೆಂಪಾಯಿತು.

“ನನಗೆ... ಗೊತ್ತಿಲ್ಲ ಮೇಡಂ. ನಾನು ಇಲ್ಲಿಗೆ ಬಂದಾಗಿಂದ ಮೋಟಾರ್ ತಾತ ಅಂತಲೇ. ಯಾರೂ ಕೇಳ್ಲೇ ಇಲ್ಲ.”

ಗೊತ್ತಿಲ್ಲ. ಲಕ್ಷ್ಮಿದೇವಮ್ಮನಿಗೆ ಅದು ಕೆನ್ನೆಗೆ ತಣ್ಣೀರು ಎರಚಿದ ಹಾಗಾಯಿತು. ಮರ್ಯಾದೆಯಲ್ಲ, ಗೊತ್ತೇ ಇರಲಿಲ್ಲ. ಆ ಕಟ್ಟಡದಲ್ಲಿ ಆ ಹೆಸರು ತಿಳಿದಿದ್ದವರು ಶಶಿಧರ್ ಒಬ್ಬರೇ. ಅವರೂ ಹೋದರು. ಈಗ ಅಲ್ಲಿ ಆ ಹೆಸರು ಇರುವುದು ತನ್ನ ಗಂಟಲಲ್ಲಿ ಮತ್ತು ಆ ಯಂತ್ರದ ಹೊಟ್ಟೆಯಲ್ಲಿ.

“ಅಮ್ಮಾರ, ನೀವು ಹೇಳ್ರಿ.”

ಅವಳು ಸೆರಗಿನ ತುದಿ ಹಿಡಿದುಕೊಂಡಳು. “ನಮ್ಮೋರದು...” ಎಂದಳು. ಮುಂದಕ್ಕೆ ನಾಲಿಗೆ ಏಳಲಿಲ್ಲ. ಹೇಳಿದರೆ ಈಗ ಯಾರ ಆಯುಸ್ಸಿಗೆ ಕುಂದು? ಹೋದವರು ಹೋಗಿಯಾಗಿದೆ. ಆದರೂ ಏಳಲಿಲ್ಲ. ನಂದಕುಮಾರ್ ಅವಳ ಮುಖವನ್ನೇ ನೋಡುತ್ತಿದ್ದರು. ಪಾಪ, ಇದೂ ಮರೆತುಹೋಯಿತೇನೋ ಎಂಬ ಕನಿಕರ ಅವರ ಕಣ್ಣಲ್ಲಿ ಕಂಡಿತು. ಆ ಕನಿಕರವನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ.

ಶರಣಮ್ಮನಿಗೆ ಹೊಳೆಯಿತು. ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತಳು.

“ನಮ್ಮ ಅತ್ತೀನೂ ಹಿಂಗ ಇದ್ಲು. ರೇಷನ್ ಅಂಗಡ್ಯಾಗ ಮಾವನ ಹೆಸರು ಕೇಳಿದ್ರ ನನ್ನ ಮುಖ ನೋಡಾಕಿ. ಹೇಳಬ್ಯಾಡ್ರಿ ಅಮ್ಮಾರ. ಬರೀರಿ.”

ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಲಕ್ಷ್ಮಿದೇವಮ್ಮ ಓದಿದ್ದು ಮೂರನೇ ಕ್ಲಾಸು, ಬೇಗೂರಿನ ಶಾಲೆಯಲ್ಲಿ, ಮರಳಿನ ಮೇಲೆ ಬೆರಳಿಂದ ತೀಡಿ ಕಲಿತ ಅಕ್ಷರ. ಪಕ್ಕದ ಬಕೆಟ್ಟಿನ ನೀರಿಗೆ ಬೆರಳು ಅದ್ದಿ, ಪಂಪ್ ರೂಮಿನ ಸಿಮೆಂಟು ನೆಲದ ಮೇಲೆ ಬಗ್ಗಿ, ಒಂದೊಂದಾಗಿ ದೊಡ್ಡ ದೊಡ್ಡ ಅಕ್ಷರ ಬರೆದಳು. ನೀರು ಆರುವ ಮೊದಲೇ ಬರೆದು ಮುಗಿಸಬೇಕೆಂದು ಎರಡು ಸಲ ಬೆರಳು ಅದ್ದಿದಳು.

“ಚಿಕ್ಕಬೈರಪ್ಪ,” ಎಂದು ಶರಣಮ್ಮ ಓದಿದಳು.

ಒಂದು ವರ್ಷವಾಗಿತ್ತು ಆ ಹೆಸರನ್ನು ಯಾರಾದರೂ ಬಾಯಿ ತುಂಬ ಹೇಳಿ. ಲಕ್ಷ್ಮಿದೇವಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಂದಕುಮಾರ್ ಒದ್ದೆ ನೆಲವನ್ನು ನೋಡುತ್ತ, “ಚಿಕ್ಕಬೈರಪ್ಪ ಅವರು,” ಎಂದು ಮೆಲ್ಲಗೆ ತಮಗೆ ತಾವೇ ಹೇಳಿಕೊಂಡರು.

ಯಂತ್ರ ಆ ಹೆಸರನ್ನು ಮೊದಲ ಸಲಕ್ಕೇ ಒಪ್ಪಿತು. ಆ ಹೆಸರಿನಲ್ಲೂ ನಾಲ್ಕು ಸಾಲು ಹೊಸದಾಗಿ ಬರೆಯಬೇಕಿತ್ತು. ಈ ಸಲ ಶರಣಮ್ಮ ಎರಡೇ ನಿಮಿಷದಲ್ಲಿ ಬರೆದಳು. ತೆರೆದರೆ, ಪರದೆಯ ಮೇಲಿಂದ ಕೆಳಗಿನವರೆಗೆ ಸಾಲುಸಾಲು ಕಾಗದ. ಸಾವಿರಗಟ್ಟಲೆ. ಯಜಮಾನರು ಇದ್ದಾಗಿನವು, ಹೋದ ಮೇಲಿನವು, ಒಂದು ದಿನವೂ ತಪ್ಪಿಲ್ಲ. ಇದೇ ತಿಂಗಳಿಗೆ ಬಂದು, ಆ ಶನಿವಾರಕ್ಕೆ ಬಂದು ಶರಣಮ್ಮ ನಿಂತಳು.

ಬೆಳಿಗ್ಗೆ ಐದೂ ಐವತ್ತಕ್ಕೆ ಮೋಟಾರು ಹೊತ್ತಿದೆ. ಆರೂ ನಲವತ್ತಕ್ಕೆ ಆರಿದೆ.

“ಆರಿಸೀರಿ ಅಮ್ಮಾರ,” ಎಂದಳು ಶರಣಮ್ಮ. “ಆರಿಸಿ ಹೋಗೀರಿ.”

ಅದರ ಕೆಳಗೆ ಇನ್ನೊಂದು ಕಾಗದವಿತ್ತು. ಎಂಟೂ ಇಪ್ಪತ್ತಕ್ಕೆ ಮತ್ತೆ ಹೊತ್ತಿದೆ. ಅದು ಆರಿದ ಕಾಗದ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ, ಸುಟ್ಟ ಮೇಲೆ. ಎಂಟೂ ಇಪ್ಪತ್ತಕ್ಕೆ ಲಕ್ಷ್ಮಿದೇವಮ್ಮ ಹನುಮಂತನಗರದ ಗುಡ್ಡದ ಮೆಟ್ಟಿಲು ಹತ್ತುತ್ತಿದ್ದಳು. ನಂದಕುಮಾರ್ ಕೂಡಲೇ ಹೆಂಡತಿ ರಾಜಶ್ರೀಗೆ ಫೋನ್ ಮಾಡಿ, ಶನಿವಾರ ಎಂಟಕ್ಕೆ ಯಾರಾದರೂ ಬಂದಿದ್ದರೇ ಎಂದು ಕೇಳಿದರು. ಸೋಲಾರ್ ತೊಳೆಯುವವರು ಬಂದಿದ್ದರು, ಟೆರೇಸಿನ ಬೀಗದ ಕೈ ಕೇಳಿದರು, ಕೊಟ್ಟೆ ಎಂದರು ಆಕೆ. ಟೆರೇಸಿನ ಕೈಯೂ ಪಂಪ್ ರೂಮಿನ ಕೈಯೂ ಒಂದೇ ಬಳೆಯಲ್ಲಿದ್ದವು. ಮೇಲೆ ನೀರು ಜೋರಾಗಿ ಬರಲೆಂದು ಅವರೇ ಮೋಟಾರು ಹಾಕಿದ್ದಾರೆ, ಕೆಲಸ ಮುಗಿಸಿ ಬಳೆಯನ್ನು ವಾಪಸು ಕೊಟ್ಟು ಹೋಗಿದ್ದಾರೆ. ಪೈಪಿನ ಕೆಮ್ಮು ಅವರಿಗೇನು ಗೊತ್ತು.

ಫೋನ್ ಇಟ್ಟು ನಂದಕುಮಾರ್ ಬಗ್ಗಿ, ಕಟ್ಟೆಯ ಮೇಲೆ ಕುಳಿತಿದ್ದ ಅವಳ ಎತ್ತರಕ್ಕೆ ಮುಖ ತಂದರು. “ತಪ್ಪು ನನ್ನದು ಅಮ್ಮ. ನಿಮಗೆ ಮರೆವು ಅಂದ್ನಲ್ಲ, ಆ ಮಾತು ವಾಪಸ್ ತಗೊಂಡೆ.”

“ಇರಲಿ ಬಿಡಿ ಸಾರ್,” ಎಂದಳು ಲಕ್ಷ್ಮಿದೇವಮ್ಮ. “ನಾನೂ ಅರ್ಧ ನಂಬಿದ್ದೆ.”

ಹೇಳಿದ ಮೇಲೆ ಎದೆಯಿಂದ ಒಂದು ಉಸಿರು ಹೊರಟಿತು. ಮಂಗಳವಾರದಿಂದ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ ಉಸಿರು ಅದು. ಶನಿವಾರದ ಬೆಳಿಗ್ಗೆ ಈಗ ಪೂರ್ತಿ ಕೈಗೆ ಸಿಕ್ಕಿತು. ಸ್ವಿಚ್ಚು ಒತ್ತಿದ್ದು, ಪೈಪಿನ ತಣ್ಣಗಿನ ಮೈ, ಬಾಗಿಲ ಬಳಿ ಬಿದ್ದಿದ್ದ ಹೊಂಗೆಯ ಹೂವು. ಎಲ್ಲ ಇದ್ದಲ್ಲೇ ಇತ್ತು.

ಶರಣಮ್ಮ ಅಷ್ಟರಲ್ಲಿ ಪಟ್ಟಿಯ ತುತ್ತತುದಿಗೆ ಹೋಗಿ ಮೊಟ್ಟಮೊದಲ ಕಾಗದ ತೆರೆದಿದ್ದಳು. ಅದು ಯಂತ್ರ ಬರೆದದ್ದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಪದ, ‘ನೀರು ಬಂತು’. ಶಶಿಧರ್ ಕೂರಿಸಿ ಒತ್ತಿಸಿದ್ದು ಅದನ್ನೇ. ಕಾಫಿ ಆರಿಹೋಗುವಷ್ಟು ಹೊತ್ತು ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಅವರು ಬರೆದದ್ದು ಇಷ್ಟೇ ಏನು, ಎಂದು ಲಕ್ಷ್ಮಿದೇವಮ್ಮನಿಗೆ ನಗು ಬಂತು.

ಭಾನುವಾರದ ಕಮಿಟಿಯಲ್ಲಿ ನಂದಕುಮಾರ್ ಎಲ್ಲವನ್ನೂ ತಾವೇ ಹೇಳಿದರು. ಏಜೆನ್ಸಿಯ ಮಾತು ಅಲ್ಲಿಗೇ ನಿಂತಿತು. ಪಂಪ್ ರೂಮಿನ ಕೈಗೆ ಬೇರೆ ಬಳೆ ಬಂತು. ಅಲ್ಲಿಯವರೆಗೆ ಟ್ಯಾಂಕರ್ ನೀರು ತರಿಸಿ, ಬುಧವಾರ ಹೊಸ ಮೋಟಾರು ಇಳಿಸಿದರು.

ಅವತ್ತು ಶರಣಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲಿ ಪಂಪ್ ರೂಮಿಗೆ ಬಂದು, ಇನ್ನು ಮೇಲೆ ಕಾಗದವೆಲ್ಲ ಲಕ್ಷ್ಮಿದೇವಮ್ಮನ ಹೆಸರಿನ ಗೂಡಿಗೆ ಬರುವ ಹಾಗೆ ಮಾಡಿಕೊಡಲೇ ಎಂದು ಕೇಳಿದಳು. ಬೇಡ, ಇರುವ ಕಡೆಗೇ ಬರಲಿ, ಅದನ್ನು ತೆರೆದು ನೋಡುವುದನ್ನು ನನಗೆ ಕಲಿಸು ಎಂದಳು ಲಕ್ಷ್ಮಿದೇವಮ್ಮ. ಯಾರಾದರೂ ಇನ್ನೊಂದು ಸಲ ಬೊಟ್ಟು ಮಾಡಿದರೆ ಶರಣಮ್ಮನ ರಜಾ ದಿನಕ್ಕೆ ಕಾಯುತ್ತ ಕೂರಲು ಅವಳಿಗೆ ಇಷ್ಟವಿರಲಿಲ್ಲ.

“ಹಂಗಾದ್ರ ದಿನಾ ಒಳಗ ಹೋಗಾಕ ಅವರ ಹೆಸರೇ ಹೊಡೀಬೇಕಾಗ್ತದ್ರಿ ಅಮ್ಮಾರ.”

“ಹೊಡೆಯೋದು ತಾನೇ? ಹೇಳೋದಲ್ವಲ್ಲ.”

ಗುಂಡಿಗಳ ಮೇಲಿನ ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು. ಆದ್ದರಿಂದ ಶರಣಮ್ಮ ಒಂದು ರಟ್ಟಿನ ಮೇಲೆ ಅವನ್ನು ಸಾಲಾಗಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದಳು. ಲಕ್ಷ್ಮಿದೇವಮ್ಮ ಹೊಸ ಮೋಟಾರು ಹಾಕಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕನ್ನಡಕ ಏರಿಸಿ, ರಟ್ಟು ನೋಡಿ ಒಂದು, ಗುಂಡಿ ನೋಡಿ ಒಂದು, ಬಲಗೈಯ ತೋರುಬೆರಳಿನಲ್ಲಿ ಒತ್ತತೊಡಗಿದಳು. ಹೆಸರು ಉದ್ದದ್ದು. ಅರ್ಧ ಆಗುವಷ್ಟರಲ್ಲಿ ಪೈಪು ಗುಂಯ್ ಎಂದಿತು. ಕಿವಿಯೊಂದನ್ನು ಅತ್ತ ಕೊಟ್ಟು, ಅವಳು ಉಳಿದ ಅಕ್ಷರಗಳನ್ನು ಅವಸರವಿಲ್ಲದೆ ಹುಡುಕಿದಳು.